ಜಾಮೀನು ನಿಲ್ಲುವವರು ಯಾರು? - ಮರ್ತೂರಿನಿಂದ ಕುರಕುಂಟಾದವರೆಗೆ

ಗೆಳೆಯರೇ, ಈ ಸಲ ಸ್ವಲ್ಪ ಒಣ ವಿಷಯ. ಆದರೆ ಒಂದಲ್ಲ ಒಂದು ದಿನ ಯಾರ ಮನೆ ಬಾಗಿಲಿಗಾದರೂ ಬರಬಹುದಾದ ವಿಷಯ.

ನಮ್ಮ ಕಡೆ ಯಾರನ್ನಾದರೂ ಪೊಲೀಸರು ಹಿಡಿದುಕೊಂಡು ಹೋದರೆ ಮನೆಯವರ ಬಾಯಲ್ಲಿ ಬರುವ ಮಾತು ಎರಡೇ. "ವಕೀಲರು ಯಾರರ ಗೊತ್ತದಾರೇನ್ರಿ?" ಮತ್ತು "ಜಾಮೀನ ಯಾರು ನಿಂದರತಾರ?" ಈ ಎರಡು ಪ್ರಶ್ನೆಗಳಿಗೂ ಉದ್ದ ಚರಿತ್ರೆ ಇದೆ. ಸೇಡಂ ತಾಲೂಕಿನ ಕುರಕುಂಟಾದಲ್ಲಿ ನಿಂತು ನೋಡಿದರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಹಳೆಯ ಕಾಲಕ್ಕೆ ಹೋಗೋಣ. ಶಹಾಬಾದಿನ ಹತ್ತಿರ ಮರ್ತೂರು ಅಂತ ಒಂದು ಊರಿದೆ. 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ಅಲ್ಲಿಯವನು ಎಂಬುದು ನಮ್ಮ ಭಾಗದ ಹೆಮ್ಮೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವನು. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಹೊಣೆ ನಿಲ್ಲುವವನಿಗೆ 'ಪ್ರತಿಭೂ' ಎಂಬ ಹೆಸರು. ಹೊಣೆ ಮೂರು ಬಗೆ: ದರ್ಶನ, ಪ್ರತ್ಯಯ, ದಾನ. ಅಂದರೆ 'ಇವನನ್ನು ಕರೆದಾಗ ಹಾಜರುಪಡಿಸುತ್ತೇನೆ', 'ಇವನು ನಂಬಿಕಸ್ಥ', 'ಇವನು ಕೊಡದಿದ್ದರೆ ನಾನು ಕೊಡುತ್ತೇನೆ'. ಮೊದಲ ಎರಡು ಬಗೆಯ ಹೊಣೆಗಾರ ಸತ್ತರೆ ಭಾರ ಅವನ ಮಕ್ಕಳ ಮೇಲೆ ಬೀಳದು, ಮೂರನೆಯದರಲ್ಲಿ ಬೀಳುತ್ತದೆ. ಇದು ಮುಖ್ಯವಾಗಿ ಸಾಲದ ವ್ಯವಹಾರಕ್ಕೆ ಹೇಳಿದ್ದು, ನಿಜ. ಆದರೆ ಇಂದಿನ ಜಾಮೀನುದಾರ ಕೋರ್ಟಿನಲ್ಲಿ ಬರೆದುಕೊಡುವುದು ಆ ಮೊದಲನೆಯ ಮಾತನ್ನೇ!

ಹೊಣೆ ನಿಲ್ಲುವವರೇ ಇಲ್ಲದವನ ಗತಿ? ಕಾತ್ಯಾಯನ ಹೇಳುತ್ತಾನೆ, ಅಂಥ ವಾದಿಯನ್ನು ಕಾವಲಿನಲ್ಲಿಡಬೇಕು, ಸಂಜೆ ಕಾವಲುಗಾರನ ಕೂಲಿಯನ್ನೂ ಅವನೇ ಕೊಡಬೇಕು. ಜನಬಲ ಇಲ್ಲದವನಿಗೆ ಆಗಲೂ ಎರಡು ಏಟು.

ಆಮೇಲೆ ಮಾತು ಬದಲಾಯಿತು. ಜಾಮೀನು, ವಕೀಲ, ವಕಾಲತ್ತು, ಮುಚ್ಚಳಿಕೆ... ಇವೆಲ್ಲ ಪಾರ್ಸಿ-ಉರ್ದು ಆಡಳಿತದ ಮೂಲಕ ಬಂದ ಪದಗಳು. ನಿಜಾಮರ ರಾಜ್ಯದಲ್ಲಿ 1880ರ ದಶಕದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. ಮನೆಯಲ್ಲಿ ಕನ್ನಡವೋ ತೆಲುಗೋ ಆಡುವ ರೈತನಿಗೆ ತನ್ನ ಮೇಲಿನ ಕಾಗದ ಓದಿಸಿಕೊಳ್ಳುವುದಕ್ಕೇ ಒಬ್ಬರು ಬೇಕು. ವಕೀಲ ಅಂದರೆ ಕಾನೂನು ಬಲ್ಲವನಷ್ಟೇ ಅಲ್ಲದೆ ಭಾಷೆ ದಾಟಿಸುವವನೂ ಆಗಿದ್ದ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1951ರ ಏಪ್ರಿಲ್ 1ರಿಂದ ಬ್ರಿಟಿಷರು 1898ರಲ್ಲಿ ಮಾಡಿದ್ದ ದಂಡ ಪ್ರಕ್ರಿಯಾ ಸಂಹಿತೆ ಇಲ್ಲಿಗೂ ಬಂತು.

ಈಗ ಕುರಕುಂಟಾದ ಮಾತು. ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆಯಿಂದ ಹೆಸರಾದ ಊರು, ವಾಡಿ-ಸಿಕಂದರಾಬಾದ್ ರೈಲುದಾರಿ ಮೇಲಿದೆ. ಅದೇ ದಾರಿಯಲ್ಲಿ ಪೂರ್ವಕ್ಕೆ ಹೋದರೆ ತಾಂಡೂರು. 1956ರವರೆಗೆ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಎರಡನ್ನು ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಬೀಗತನ, ಸಂತೆ, ಕೂಲಿ ಎಲ್ಲ ಮೊದಲಿನ ಹಾಗೇ. ಆದರೆ 1956ರ ನವೆಂಬರ್ 1ರಿಂದ ತಾಂಡೂರಿನಲ್ಲಿ ಸಿಕ್ಕಿಬಿದ್ದ ಕುರಕುಂಟಾದ ಮನುಷ್ಯ ಬೇರೆ ರಾಜ್ಯದವನಾದ! ಅವನ ಅಣ್ಣನ ಹೊಲ ಇರುವುದು ಈಚೆ, ಕೇಸು ಆಚೆ. 'ಲೋಕಲ್ ಜಾಮೀನು ತನ್ನಿ' ಅಂದರೆ ಎಲ್ಲಿಂದ ತರುವುದು?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಎತ್ತಿಕೊಂಡದ್ದು 1978ರ ಆಗಸ್ಟಿನಲ್ಲಿ, ಮೋತಿರಾಮ್ ಪ್ರಕರಣದಲ್ಲಿ. ಮಧ್ಯಪ್ರದೇಶದ ಒಬ್ಬ ಗೌಂಡಿ. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಅಣ್ಣತಮ್ಮನೇ ನಿಲ್ಲುತ್ತೇನೆಂದರೂ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಿಗೆದ್ದರು. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತಾರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿನ ಜಾಮೀನುದಾರರನ್ನು ಎಲ್ಲಿಂದ ತರಬೇಕು ಎಂಬ ಅರ್ಥದಲ್ಲಿ ಕೇಳಿದರು. ಕೊನೆಗೆ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. ಆ ತೀರ್ಪಿನಲ್ಲಿ 'ಕನ್ನಡಿಗ' ಎಂಬ ಪದ ಇದೆ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೂ ಪದ್ಧತಿ ಅಷ್ಟು ಬೇಗ ಹೋಗಲಿಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು: ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನಿನ ಹಟವೂ ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದಿರಬಹುದು. ನಲವತ್ತೈದು ವರ್ಷ ಕಳೆದರೂ ಅದೇ ಮಾತು!

ಅರ್ಜಿ ಹಾಕಲು ಎಷ್ಟು ದೂರ ಹೋಗಬೇಕು ಎಂಬುದೂ ಈ ಚರಿತ್ರೆಯ ಭಾಗವೇ. ಹೈಕೋರ್ಟಿನ ಗುಲ್ಬರ್ಗಾ ಸಂಚಾರಿ ಪೀಠ ಶುರುವಾದದ್ದು 2008ರ ಜುಲೈನಲ್ಲಿ, ಕಾಯಂ ಆದದ್ದು 2013ರಲ್ಲಿ. ಅದಕ್ಕೆ ಮುಂಚೆ ಕೆಳಗಿನ ಕೋರ್ಟಿನಲ್ಲಿ ಜಾಮೀನು ಸಿಗದಿದ್ದರೆ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರು ಸೇರಬೇಕಿತ್ತು.

ಇವತ್ತಿನ ಸ್ಥಿತಿ ಏನು? 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ನೆನಪಿಡಬೇಕಾದ್ದು ಇಷ್ಟು:

- ಬಂಧನದ ಕಾರಣ ಹೇಳಬೇಕು (ಕಲಂ 47), ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು (48), ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು (58).
- ಜಾಮೀನು ಕೊಡಬಹುದಾದ ಅಪರಾಧವಾದರೆ ಜಾಮೀನು ಹಕ್ಕು (478). ಒಂದು ವಾರದಲ್ಲಿ ಜಾಮೀನುದಾರ ಸಿಗದಿದ್ದರೆ ಬಡವನೆಂದು ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕು. ಉಳಿದವುಗಳಲ್ಲಿ ಅದು ಕೋರ್ಟಿನ ವಿವೇಚನೆ.
- ವಕೀಲರು 'ಲೋಕಲ್' ಇರಬೇಕಾದ್ದು ನಮ್ಮ ಊರಿಗಲ್ಲ, ಕೇಸು ಇರುವ ಕೋರ್ಟಿಗೆ. ಸೇಡಂ ಠಾಣೆಯ ಕೇಸಿಗೆ ಸೇಡಂ ಕೋರ್ಟಿನವರು, ತಾಂಡೂರಿನ ಕೇಸಿಗೆ ಅಲ್ಲಿಯವರು.
- ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಕೊಟ್ಟ ಹಕ್ಕು ಇದು. ಸಹಾಯವಾಣಿ 15100.
- ಬೇರೆ ರಾಜ್ಯದಲ್ಲಿ ಎಫ್‌ಐಆರ್ ಆಗಿದ್ದರೂ ಇಲ್ಲಿನ ಸೆಷನ್ಸ್ ಕೋರ್ಟು ಅಥವಾ ಹೈಕೋರ್ಟು ಸೀಮಿತ ಅವಧಿಗೆ ನಿರೀಕ್ಷಣಾ ಜಾಮೀನು ಕೊಡಬಹುದು ಎಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಡಿ ಊರಿನವರಿಗೆ ಇದು ದೊಡ್ಡ ಮಾತು.

ಜಾಮೀನು ನಿಲ್ಲಲು ಹೆದರುವವರಿಗೂ ಒಂದು ಮಾತು. ಆರೋಪಿ ಮಾಡಿದ ತಪ್ಪಿಗೆ ನೀವು ಗುರಿಯಾಗುವುದಿಲ್ಲ. ಅವನು ತಾರೀಖಿಗೆ ಬರದೆ ತಪ್ಪಿಸಿಕೊಂಡರೆ ಬರೆದುಕೊಟ್ಟ ಹಣಕ್ಕೆ ನೀವು ಬಾಧ್ಯರು (491). ಆದ್ದರಿಂದ ಬಲ್ಲವರಿಗೆ ಮಾತ್ರ ನಿಲ್ಲಿ. ಆದರೆ ಬಲ್ಲವರಿಗೆ ನಿಲ್ಲಿ.

ಪಹಣಿ ಇದ್ದವನಿಗೆ ಹತ್ತು ಜನ ಜಾಮೀನು ನಿಲ್ಲುತ್ತಾರೆ. ಕಲ್ಲು ಗಣಿಯ ಕೂಲಿಗೆ, ವಲಸೆ ಬಂದ ಗೌಂಡಿಗೆ ಯಾರು? ಕಾತ್ಯಾಯನನ ಕಾಲದಿಂದ ಈ ಪ್ರಶ್ನೆ ಹಾಗೇ ನಿಂತಿದೆ. ಸ್ವಂತ ಬಾಂಡು, ಉಚಿತ ವಕೀಲರು, ಇವೆರಡೇ ಅದಕ್ಕೆ ಇದುವರೆಗೆ ಸಿಕ್ಕ ಉತ್ತರ. ಕೇಳಿ ಪಡೆಯುವವರು ಕಡಿಮೆ, ಯಾಕೆಂದರೆ ಗೊತ್ತಿರುವವರು ಕಡಿಮೆ. ಗೊತ್ತಿರುವ ನಾವು ನಾಲ್ಕು ಜನಕ್ಕೆ ಹೇಳೋಣ.

ನಿಮ್ಮ ಕಡೆ ಜಾಮೀನು ನಿಲ್ಲುವುದಕ್ಕೆ ಏನನ್ನುತ್ತಾರೆ? ಹಳೆಯ ಪದಗಳಿದ್ದರೆ ತಿಳಿಸಿ.