ಲಕ್ವ: ಗಡಿಯಾರ ನೋಡಿದವರು ಯಾರು?

ಪ್ರಯೋಗಶಾಲೆಯಲ್ಲಿ ಕಾಲವನ್ನು ಅಳೆಯುವ ವಿದ್ಯಾರ್ಥಿಗೆ ನಾವು ಮೊದಲು ಕೇಳುವ ಪ್ರಶ್ನೆ, 'ಎಣಿಕೆಯನ್ನು ಯಾವ ಕ್ಷಣದಿಂದ ಆರಂಭಿಸಿದಿರಿ?' ಎಂಬುದು. ಆ ಕ್ಷಣ ತಿಳಿಯದಿದ್ದರೆ ಎಷ್ಟು ಸೂಕ್ಷ್ಮವಾದ ಗಡಿಯಾರವಿದ್ದರೂ ಉಪಯೋಗವಿಲ್ಲ. ಲಕ್ವ ಅಥವಾ ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿಯೂ ಹೀಗೆಯೇ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಇಲ್ಲವೆ ಒಡೆದಾಗ ಉಂಟಾಗುವ ಈ ಆಘಾತದ ಆರಂಭವನ್ನು ಕಾಣುವವರು ಸಾಮಾನ್ಯವಾಗಿ ವೈದ್ಯರಲ್ಲ, ಮನೆಯವರು. ಅವರ ಪಾತ್ರವೇನು, ಅದರ ಮಿತಿಯೇನು? 1965ರ ಒಂದು ಘಟನೆಯಿಂದ ಆರಂಭಿಸೋಣ.

ಒಂದು ದೂರವಾಣಿ ಕರೆ

ಆ ವರ್ಷದ ಫೆಬ್ರವರಿ 17ರಂದು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಆಸ್ಕರ್ ಪ್ರಶಸ್ತಿ ವಿಜೇತೆ ಪೆಟ್ರೀಷಿಯಾ ನೀಲ್ ಅವರಿಗೆ ಮಗಳಿಗೆ ಸ್ನಾನ ಮಾಡಿಸುತ್ತಿದ್ದಾಗ ತಲೆಯಲ್ಲಿ ತೀವ್ರ ನೋವು ಕಾಣಿಸಿಕೊಂಡಿತು. ಆಗ ಅವರಿಗೆ 39 ವರ್ಷ, ಗರ್ಭಿಣಿ ಬೇರೆ. ಪತಿ, ಮಕ್ಕಳ ಕಥೆಗಳ ಲೇಖಕ ರೋಲ್ಡ್ ಡಾಲ್, ತಡಮಾಡದೆ ಪರಿಚಿತ ನರಶಸ್ತ್ರವೈದ್ಯರೊಬ್ಬರಿಗೆ ದೂರವಾಣಿ ಮಾಡಿದರು. ನೀಲ್ ಅವರ ಮಿದುಳಿನಲ್ಲಿ ಉಬ್ಬಿದ್ದ ರಕ್ತನಾಳ ಒಡೆದಿತ್ತು. ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ನಡೆಯಿತು; ಸುಮಾರು ಮೂರು ವಾರ ಅವರಿಗೆ ಪ್ರಜ್ಞೆಯಿರಲಿಲ್ಲ.

ಡಾಲ್ ವೈದ್ಯರಲ್ಲ. ಆದರೆ 1960ರಲ್ಲಿ ಅವರ ಎಳೆಯ ಮಗ ವಾಹನ ಅಪಘಾತಕ್ಕೆ ಸಿಲುಕಿ, ಅವನ ತಲೆಯಲ್ಲಿ ದ್ರವ ತುಂಬಿಕೊಳ್ಳತೊಡಗಿತ್ತು. ಅದನ್ನು ಹೊರಹಾಕುವ ಕೊಳವೆಯ ಕವಾಟ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಆಗ ಡಾಲ್, ಎಂಜಿನಿಯರ್ ಸ್ಟ್ಯಾನ್ಲಿ ವೇಡ್ ಮತ್ತು ಶಸ್ತ್ರವೈದ್ಯ ಕೆನೆತ್ ಟಿಲ್ ಅವರೊಡನೆ ಸೇರಿ, ಸುಲಭವಾಗಿ ಕಟ್ಟಿಕೊಳ್ಳದ ಹೊಸ ಕವಾಟವೊಂದನ್ನು ರೂಪಿಸಿದರು. ಮನೆಯ ಕಷ್ಟವೇ ಅವರಿಗೆ ಪಾಠಶಾಲೆಯಾಗಿತ್ತು.

ನೀಲ್ ಅವರ ಬಲಭಾಗ ಸ್ವಾಧೀನದಲ್ಲಿರಲಿಲ್ಲ, ಮಾತು ಹೋಗಿತ್ತು. ಇಂಗ್ಲೆಂಡಿಗೆ ಮರಳಿದ ಮೇಲೆ ನೆರೆಹೊರೆಯವರು ಸರದಿಯ ಮೇಲೆ ಬಂದು ದಿನಕ್ಕೆ ಹಲವು ಗಂಟೆ ಅವರಿಗೆ ಪದಗಳನ್ನೂ ಲೆಕ್ಕವನ್ನೂ ಕಲಿಸಿದರು. 1968ರಲ್ಲಿ ನೀಲ್ ಮತ್ತೆ ತೆರೆಯ ಮೇಲೆ ಕಾಣಿಸಿಕೊಂಡರು. ಕಲಿಸಿದವರಲ್ಲಿ ಒಬ್ಬರಾದ ವ್ಯಾಲರಿ ಈಟನ್ ಗ್ರಿಫಿತ್ 1970ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. ಮುಂದೆ ಬ್ರಿಟನ್ನಿನಲ್ಲಿ ಲಕ್ವ ಪೀಡಿತರಿಗಾಗಿ ಸ್ವಯಂಸೇವಕರ ಯೋಜನೆಯೊಂದು ಅವರಿಂದ ಆರಂಭವಾಯಿತು.

ಯಂತ್ರ ಬಂತು, ಗಡಿಯಾರವೂ ಬಂತು

ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ತಲೆಬುರುಡೆ ತೆರೆಯದೆ ತಟ್ಟನೆ ತಿಳಿಯುವುದು ಆ ಕಾಲದಲ್ಲಿ ಕಠಿಣವಾಗಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಿತು. 1979ರಲ್ಲಿ ಅವರಿಗೂ ಭೌತವಿಜ್ಞಾನಿ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಬಹುಮಾನ ಸಂದಿತು.

ನಾಳ ಕಟ್ಟಿ ಉಂಟಾಗುವ ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು 3 ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆಯೆಂದು 1995ರಲ್ಲಿ ತಿಳಿದುಬಂತು. 2008ರಲ್ಲಿ ಈ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಆಯ್ದ ಕೆಲವರಲ್ಲಿ ಕೊಳವೆ ತೂರಿಸಿ 24 ಗಂಟೆಯವರೆಗೂ ಹೆಪ್ಪನ್ನು ಹೊರತೆಗೆಯಬಹುದೆಂದು 2018ರ ಹೊತ್ತಿಗೆ ಸಿದ್ಧವಾಯಿತು. ಈ ಲೆಕ್ಕದ ಶೂನ್ಯ ಕ್ಷಣ ಯಾವುದು? ರೋಗಿ ಸರಿಯಾಗಿದ್ದುದು ಕೊನೆಯದಾಗಿ ಕಂಡ ಹೊತ್ತು. ಬೆಳಗ್ಗೆ ಏಳುವಾಗಲೇ ಲಕ್ವ ಹೊಡೆದಿದ್ದರೆ ಎಣಿಕೆ ಹಿಂದಿನ ರಾತ್ರಿ ಮಲಗಿದ ಹೊತ್ತಿನಿಂದಲೇ. ಸಿ.ಟಿ. ಚಿತ್ರ ರಕ್ತಸ್ರಾವವನ್ನು ತೋರಿಸುತ್ತದೆ. ಗಂಟೆ ಎಷ್ಟಾಗಿತ್ತೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಮನೆಯವರೇ.

ಪ್ರೀತಿಯೊಂದೇ ಸಾಕೆ?

ನೀಲ್ ಅವರ ಚೇತರಿಕೆ ಸ್ಫೂರ್ತಿದಾಯಕ. ಆದರೆ ಒಂದು ಉದಾಹರಣೆ ಪ್ರಯೋಗವಾಗದು. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಮನೆಯವರಿಗೆ ಪುನಶ್ಚೇತನದ ತರಬೇತಿ ಕೊಡಲಾಯಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಮೃತಪಟ್ಟವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇಕಡಾ 47. ಮನೆಯವರ ಆರೈಕೆ ವ್ಯರ್ಥವೆಂದು ಇದರ ಅರ್ಥವಲ್ಲ. ನುರಿತ ಚಿಕಿತ್ಸಕರ ಕೆಲಸವನ್ನು ಅವರ ಹೆಗಲಿಗೆ ದಾಟಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಆದರೆ ಮೊದಲ ಗಂಟೆಯ ಕೆಲಸವನ್ನು ಬೇರೆ ಯಾರೂ ಮಾಡಲಾರರು. ಮುಖ ಒಂದು ಕಡೆಗೆ ಸೊಟ್ಟಗಾಯಿತೆ? ಒಂದು ತೋಳು ಎತ್ತಲಾಗದೆ? ಮಾತು ತೊದಲುತ್ತಿದೆಯೆ? ಇವುಗಳಲ್ಲಿ ಒಂದು ಹಠಾತ್ತಾಗಿ ಕಂಡರೂ ಗಡಿಯಾರ ನೋಡಿ, ಹೊತ್ತನ್ನು ಬರೆದುಕೊಂಡು, 108ಕ್ಕೆ ಕರೆ ಮಾಡಬೇಕು. ಎಣ್ಣೆ ತಿಕ್ಕುತ್ತಾ, 'ನಾಳೆ ನೋಡೋಣ' ಎನ್ನುತ್ತಾ ಕಳೆದ ಹೊತ್ತು ಮರಳಿ ಬಾರದು. ಶಿಕ್ಷಕರು ಈ ಮೂರು ಪ್ರಶ್ನೆಗಳನ್ನು ತರಗತಿಯಲ್ಲಿ ಕಲಿಸಲಿ. ಮನೆಯಲ್ಲಿ ಅಜ್ಜ ಕುಸಿದಾಗ ಪಕ್ಕದಲ್ಲಿರುವುದು ಎಷ್ಟೋ ಸಲ ಶಾಲೆಯ ಮಗುವೇ.