ಕಿವಿಯ ಸುದ್ದಿ ಕಣ್ಣಿಗೆ ಬಂದಾಗ

ಪತ್ರಿಕೋದ್ಯಮದ ಡಿಪ್ಲೊಮಾ ಓದುತ್ತಿದ್ದಾಗ ರೇಡಿಯೊ ಬರವಣಿಗೆ ಕಲಿಸುವ ಮೇಷ್ಟ್ರೊಬ್ಬರಿದ್ದರು. ನಾವು ಬರೆದುಕೊಂಡು ಹೋದ ಸುದ್ದಿಯನ್ನು ಅವರು ಓದುತ್ತಿರಲಿಲ್ಲ. ಕಣ್ಣು ಮುಚ್ಚಿ ಕುಳಿತು ನಮ್ಮಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಬೇಕು. 4,87,312 ರೂಪಾಯಿ ಎಂದಿದ್ದರೆ ಅದು 'ಐದು ಲಕ್ಷಕ್ಕೆ ಹತ್ತಿರ' ಆಗಬೇಕು. ಹೇಳಿದವರು ಯಾರೆಂಬುದು ಮೊದಲು, ಹೇಳಿದ್ದೇನೆಂಬುದು ಆಮೇಲೆ. ಇದನ್ನೆಲ್ಲ ಕಲಿತು ಪತ್ರಿಕೆಗೆ ಬಂದರೆ, ಮೊದಲ ವಾರವೇ ನನ್ನ ವರದಿಯ 'ಹತ್ತಿರ' ಎಂಬ ಪದದ ಸುತ್ತ ಕೆಂಪು ಶಾಯಿಯ ವೃತ್ತ! ನಿಖರ ಮೊತ್ತ ಎಲ್ಲಿ ಎಂದು ಉಪಸಂಪಾದಕರ ಪ್ರಶ್ನೆ.

ಕಿವಿಗೆ ಒಂದು ಶಿಸ್ತು, ಕಣ್ಣಿಗೆ ಇನ್ನೊಂದು. ಈ ಎರಡರ ನಡುವೆ ಒಂದು ಇಡೀ ಸುದ್ದಿಸಂಸ್ಥೆಯೇ ಸಿಕ್ಕಿಕೊಂಡ ಕಥೆ ಅಮೆರಿಕದ್ದು. ಅಲ್ಲಿನ 'ನ್ಯಾಷನಲ್ ಪಬ್ಲಿಕ್ ರೇಡಿಯೊ' ಹುಟ್ಟಿದ್ದು 1970ರಲ್ಲಿ. ದೇಶದ ಉದ್ದಗಲಕ್ಕೂ ಹರಡಿರುವ ಸದಸ್ಯ ಕೇಂದ್ರಗಳಿಗೆ ಕಾರ್ಯಕ್ರಮ ಒದಗಿಸುವುದು ಅದರ ಕೆಲಸ. 1971ರ ಮೇ 3ರಂದು 'ಆಲ್ ಥಿಂಗ್ಸ್ ಕನ್ಸಿಡರ್ಡ್' ಎಂಬ ಸಂಜೆಯ ಸುದ್ದಿ ಕಾರ್ಯಕ್ರಮ ಶುರುವಾಯಿತು. ಅಂದು ವಾಷಿಂಗ್ಟನ್ನಿನ ಬೀದಿಗಳಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಚಳವಳಿ. ವರದಿಗಾರರು ಧ್ವನಿಮುದ್ರಣ ಯಂತ್ರ ಹೊತ್ತು ನುಗ್ಗಿದರು. ಇಪ್ಪತ್ತು ನಿಮಿಷಕ್ಕೂ ಮಿಕ್ಕ ಆ ವರದಿಯಲ್ಲಿ ವಿವರಣೆಗಿಂತ ಬೀದಿಯೇ ಹೆಚ್ಚು ಮಾತನಾಡಿತು: ಕೂಗು, ಸೈರನ್, ಪೊಲೀಸರೊಡನೆ ವಾಗ್ವಾದ.

1995ರಲ್ಲಿ 'ರಿಯಲ್ ಆಡಿಯೊ' ಎಂಬ ತಂತ್ರಾಂಶ ಬಂದು, ಕಡತ ಪೂರ್ತಿ ಇಳಿಯುವವರೆಗೆ ಕಾಯದೆ ಧ್ವನಿ ಕೇಳುವ ಅನುಕೂಲವಾಯಿತು. ಅದರಲ್ಲಿ ಮೊದಮೊದಲು ಕೇಳಿಬಂದವುಗಳಲ್ಲಿ ಈ ಬಾನುಲಿಯ ಸುದ್ದಿಯೂ ಒಂದು. ಆದರೆ ಜಾಲತಾಣಕ್ಕೆ ಬಂದವರು ಕೇಳುವುದಕ್ಕಿಂತ ಓದುವುದಕ್ಕೇ ಹಾತೊರೆಯುತ್ತಿದ್ದರು. ಕಚೇರಿಯಲ್ಲಿ ಕುಳಿತು ಸದ್ದಿಲ್ಲದೆ ನೋಡುವವರಿಗೆ ಧ್ವನಿ ಏಕೆ ಬೇಕು?

ಬಿತ್ತರವಾದ ಮಾತನ್ನೇ ಬೆರಳಚ್ಚು ಮಾಡಿ ಹಾಕಿದರಾಯಿತಲ್ಲ ಎನ್ನಬಹುದು. ನಮ್ಮ ಆಕಾಶವಾಣಿಯ ಜಾಲತಾಣದಲ್ಲೂ ಪ್ರಾದೇಶಿಕ ವಾರ್ತೆಗಳ ಧ್ವನಿಯ ಜೊತೆಗೆ ಪಠ್ಯ ಹಾಕುವ ಪದ್ಧತಿ ಬಂದಿದೆ. ವಾರ್ತೆಗೆ ಇದು ಹೇಗೋ ಸಾಕು. ಆದರೆ ನಾಲ್ಕು ನಿಮಿಷದ ರೇಡಿಯೊ ವರದಿಯೆಂದರೆ ಇಂಗ್ಲಿಷಿನಲ್ಲಿ ಹೆಚ್ಚೆಂದರೆ ಆರುನೂರು ಪದ. ಅದರಲ್ಲೂ ಬಹುಪಾಲು ಬೇರೆಯವರ ಮಾತು. ಗಣಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿ ಮಾತು ನಿಲ್ಲಿಸಿ ಉಸಿರೆಳೆದುಕೊಂಡರೆ ಕೇಳುವವನಿಗೆ ಎಲ್ಲವೂ ತಿಳಿಯುತ್ತದೆ. ಬರಹದಲ್ಲಿ ಅಲ್ಲಿ ಏನೂ ಇರುವುದಿಲ್ಲ. ಗಣಿಯ ಹೆಸರು, ಮಗನ ವಯಸ್ಸು, ಅಪಘಾತದ ದಿನ, ಹಿಂದಿನ ತಪಾಸಣೆಯ ವಿವರ ಇವೆಲ್ಲ ಬೇಕು. ರೇಡಿಯೊ ವರದಿಗಾರ ಅವನ್ನು ಕೇಳಿಯೇ ಇರುವುದಿಲ್ಲ, ಏಕೆಂದರೆ ಅವನಿಗೆ ಬೇಕಿರಲಿಲ್ಲ. ಹೀಗಾಗಿ ಅದು ಬರೇ ನಕಲು ತೆಗೆಯುವ ಕೆಲಸವಲ್ಲ; ಮತ್ತೆ ಫೋನು ಹಿಡಿದು ಸುದ್ದಿಯನ್ನು ಹೊಸದಾಗಿ ಸಂಗ್ರಹಿಸಬೇಕು.

ಸಂಸ್ಥೆಗೆ ಇದು ಅರ್ಥವಾಗಲು ವರ್ಷಗಳೇ ಹಿಡಿದವು. ನೈಟ್ ಪ್ರತಿಷ್ಠಾನದ ನೆರವಿನಲ್ಲಿ ಧ್ವನಿಯಲ್ಲೇ ನುರಿತವರನ್ನು ಕೂರಿಸಿ ಜಾಲತಾಣದ ಬರವಣಿಗೆ, ಚಿತ್ರಗಳ ತರಬೇತಿ ಕೊಡಲಾಯಿತು. 2009ರಲ್ಲಿ ತಾಣವನ್ನು ಹೊಸದಾಗಿ ಕಟ್ಟಿ ಬರಹಕ್ಕೆ ಮುಂದಿನ ಸಾಲು ಕೊಟ್ಟರು. ಅದೇ ವರ್ಷ 'ದಿ ಟೂ-ವೇ' ಎಂಬ ಸುದ್ದಿ ವಿಭಾಗ ತೆರೆದು, ರೇಡಿಯೊದಲ್ಲಿ ಬಾರದ ಸುದ್ದಿಯನ್ನೂ ಅಲ್ಲಿ ಬರೆಯತೊಡಗಿದರು. (ಹೆಸರು ಮಾತ್ರ ಹಳೆಯ ಮನೆಯದೇ: ನಿರೂಪಕ ಮತ್ತು ವರದಿಗಾರರ ಸಂವಾದಕ್ಕೆ ರೇಡಿಯೊದವರು ಹಾಗೆನ್ನುತ್ತಾರೆ.) 2010ರಲ್ಲಿ ಸಂಸ್ಥೆ ತನ್ನನ್ನು ಕೇವಲ 'ಎನ್‌ಪಿಆರ್' ಎಂದು ಕರೆದುಕೊಂಡಿತು. 'ರೇಡಿಯೊ' ಎಂಬ ಪದ ಫಲಕದಿಂದ ಇಳಿಯಿತು.

ಫಲಕ ಬದಲಾದಷ್ಟು ಸುಲಭವಾಗಿ ಅಭ್ಯಾಸ ಬದಲಾಗಲಿಲ್ಲ. 2011ರ ಜನವರಿ 8ರಂದು ಅರಿಝೋನಾದ ಟುಸಾನ್‌ನಲ್ಲಿ ಸಂಸತ್ ಸದಸ್ಯೆ ಗೇಬ್ರಿಯೆಲ್ ಗಿಫರ್ಡ್ಸ್ ಮೇಲೆ ಗುಂಡಿನ ದಾಳಿ ನಡೆಯಿತು. ಆರು ಮಂದಿ ಸತ್ತರು. ಗಿಫರ್ಡ್ಸ್ ಕೂಡ ಸತ್ತರೆಂದು ಎನ್‌ಪಿಆರ್ ಮಧ್ಯಾಹ್ನ ಎರಡು ಗಂಟೆಯ ವಾರ್ತೆಯಲ್ಲಿ ಬಿತ್ತರಿಸಿತು. ಸುದ್ದಿ ಕೊಟ್ಟ ಮೂಲಗಳು ಎರಡಿದ್ದರೂ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ನಮ್ಮವರೇ ಬಿತ್ತರಿಸಿದ್ದಾರೆಂಬ ನಂಬಿಕೆಯ ಮೇಲೆ ಜಾಲತಾಣ ಅದನ್ನು ಬರೆಯಿತು, ಟ್ವಿಟರ್ ಖಾತೆ ಸಾರಿತು. ಬೇರೆ ವಾಹಿನಿಗಳೂ ಹಿಂಬಾಲಿಸಿದವು. ಟುಸಾನ್ ಕಡೆಗೆ ಹಾರುತ್ತಿದ್ದ ವಿಮಾನದಲ್ಲಿ ಗಂಡ ಮಾರ್ಕ್ ಕೆಲಿ ಟಿ.ವಿ. ನೋಡಿ ಹೆಂಡತಿ ಸತ್ತಳೆಂದೇ ನಂಬಿದರು.

ಗಿಫರ್ಡ್ಸ್ ಬದುಕಿದ್ದರು. ತಲೆಗೆ ಗುಂಡು ತಗುಲಿದ್ದರೂ ಉಳಿದುಕೊಂಡರು. ಸಂಸ್ಥೆ ಕ್ಷಮೆ ಕೇಳಿತು. ಎರಡು ಗಂಟೆಯ ವಾರ್ತೆ ಗಾಳಿಯಲ್ಲಿ ಕರಗಿಹೋಗಿತ್ತು, ಟ್ವಿಟರ್‌ನ ಸಾಲು ಹಾಗೇ ನಿಂತಿತ್ತು. ಖಾತೆ ನೋಡಿಕೊಳ್ಳುತ್ತಿದ್ದ ಆ್ಯಂಡಿ ಕಾರ್ವಿನ್ ಅದನ್ನು ಅಳಿಸಲಿಲ್ಲ.