ಘಟ್ಟ ಇಳಿದವರ ಚರಿತ್ರೆ

ಶಿರಾಡಿ ಘಾಟಿಯಲ್ಲಿ ಲಾರಿ ಬಿದ್ದರೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಲಾರಿ ಪ್ರಪಾತಕ್ಕೆ ಉರುಳಿತು, ಡ್ರೈವರ್ ಸತ್ತ, ಕ್ಲೀನರಿಗೆ ಪೆಟ್ಟಾಯಿತು, ಚಾಲಕನ ಅಜಾಗರೂಕತೆಯೇ ಕಾರಣ. ಅಲ್ಲಿಗೆ ಕಥೆ ಮುಗೀತು. ಸತ್ತವನು ಎದ್ದು ಬಂದು ಅಲ್ಲ ಅನ್ನೋದಿಲ್ಲ. ನಾವು ಕೇಳೋದು ಇಷ್ಟೇ: ಅಜಾಗರೂಕತೆ ಯಾರದು? ಇದಕ್ಕೆ ಉತ್ತರ ಬೇಕಾದರೆ ಆ ರಸ್ತೆಯ ಚರಿತ್ರೆಯನ್ನು ಬುಡದಿಂದ ಕೆದಕಬೇಕು.

ಸಕಲೇಶಪುರದ ಹತ್ತಿರ ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯಿದೆ. ಮಂಗಳೂರಿನ ದಾರಿ ಕಾಯೋದಕ್ಕೆ ಬಂದ ಕೋಟೆ ಅದು. 19ನೇ ಶತಮಾನದಲ್ಲಿ ಬ್ರಿಟಿಷ್ ಕಮಿಷನರುಗಳ ಕಾಲಕ್ಕೆ ಮೈಸೂರು ಸೀಮೆಯಿಂದ ಕರಾವಳಿಗೆ ಗಾಡಿರಸ್ತೆಗಳಾದವು. ಮಲೆನಾಡಲ್ಲಿ ದೊರೆಗಳ ಕಾಫಿ ತೋಟಗಳು ಎದ್ದವು. ಕಾಫಿ ಘಟ್ಟ ಇಳಿಯಿತು, ಉಪ್ಪು, ಒಣಮೀನು ಘಟ್ಟ ಹತ್ತಿತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದ ಮೇಲೆ ಹೆಂಚೂ ಹತ್ತಿತು. ಎಷ್ಟು ಮೈಲಿ ರಸ್ತೆ ಆಯಿತು, ಎಷ್ಟು ಸೇತುವೆ ಆಯಿತು ಅಂತ ಸರ್ಕಾರ ಲೆಕ್ಕ ಬರೆದಿಟ್ಟಿತು. ಬಂಡೆ ಒಡೆದವರ ಹೆಸರು ಬರೆಯಲಿಲ್ಲ. ಈ ನಾಡಿನಲ್ಲಿ ಕಲ್ಲು ಒಡೆಯೋದು, ಮಣ್ಣು ಹೊರೋದು ಯಾವ ಕೇರಿಯವರ ಪಾಲಿಗೆ ಬಂದಿತ್ತು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಎತ್ತಿನ ಗಾಡಿ ಹೋಗಿ ಲಾರಿ ಬಂತು. 1975ರಲ್ಲಿ ನವ ಮಂಗಳೂರು ಬಂದರು ಉದ್ಘಾಟನೆಯಾಯಿತು. 1979ರಲ್ಲಿ ಹಾಸನ–ಮಂಗಳೂರು ರೈಲು ಓಡಿತು. ಘಟ್ಟದ ಹೊಟ್ಟೆ ಕೊರೆದು 57 ಸುರಂಗ ಮಾಡಿದ ದಾರಿ ಅದು. 1996ರಲ್ಲಿ ಹಳಿ ಅಗಲ ಮಾಡೋದಕ್ಕೆಂದು ಅದನ್ನು ಮುಚ್ಚಿದರು. ಸರಕಿನ ರೈಲು ಮತ್ತೆ ಓಡಿದ್ದು 2006ರಲ್ಲಿ. ನಡುವಿನ ಹತ್ತು ವರ್ಷ ಆ ಹೊರೆ ಹೊತ್ತವರು ಯಾರು? ಲಾರಿಯವರು. ಅದೇ ಹೊತ್ತಿಗೆ ಬಳ್ಳಾರಿ ಸೀಮೆಯ ಅದಿರಿಗೆ ಚೀನಾದಲ್ಲಿ ಬೆಲೆ ಏರಿತು. ಮಿತಿ ಮೀರಿ ಹೇರಿದ ಅದಿರಿನ ಲಾರಿಗಳು ಸಾಲುಗಟ್ಟಿ ಬಂದರಿಗೆ ಇಳಿದವು, ರಸ್ತೆ ಕಿತ್ತುಹೋಯಿತು. ಹೆಚ್ಚು ಹೇರಿ ಸಾಗಿಸಿದ ಸಂಗತಿ 2011ರ ಲೋಕಾಯುಕ್ತ ವರದಿಯಲ್ಲೂ ಇದೆ. ಲಾಭ ಯಾರ ಮನೆಗೆ ಹೋಯಿತು, ಹೊಂಡಕ್ಕೆ ಯಾರು ಬಿದ್ದರು ಅನ್ನೋದನ್ನ ಜನ ಕಂಡಿದ್ದಾರೆ.

ಘಟ್ಟ ಇಳಿಯೋದು ಅಂದರೆ ಏನು ಅಂತ ತಿಳಿಯಬೇಕು. ಸಕಲೇಶಪುರ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಅಂತ ಹಳೇ ಡ್ರೈವರುಗಳು ಹೇಳಿಕೊಡ್ತಾರೆ. ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಬರೀ ಬ್ರೇಕ್ ತುಳಿಯುತ್ತಾ ಇಳಿದರೆ ಡ್ರಮ್ಮು ಕಾದು ಹೊಗೆ ಬರುತ್ತದೆ, ಆಮೇಲೆ ಎಷ್ಟು ತುಳಿದರೂ ಬ್ರೇಕ್ ಹಿಡಿಯೋದಿಲ್ಲ. ಇದು ಗೊತ್ತಿದ್ದೂ ಕೆಲವರು ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಯಾಕೆ? ಮಾಲೀಕ ಡೀಸೆಲ್ಲನ್ನು ಅಳೆದು ಕೊಡುತ್ತಾನೆ. ಹೆಚ್ಚು ಸುಟ್ಟರೆ ಬಾಟಾದಲ್ಲಿ ಮುರಿದುಕೊಳ್ಳುತ್ತಾನೆ, ಉಳಿಸಿದರೆ ಮನೆಗೆ ನಾಲ್ಕು ಕಾಸು. ಏರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರಿದಾಗ ಕ್ಲೀನರ್ ಹುಡುಗ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಜೀತ ಬಿಟ್ಟು ಓಡಿಬಂದ ನಮ್ಮ ಕೇರಿಯ ಹುಡುಗರು ಡ್ರೈವರ್ ಆದದ್ದು ಹೀಗೆ ಕಲ್ಲು ಕೊಟ್ಟೂ ಕೊಟ್ಟೂ. ಈಗ ಎಷ್ಟೋ ಲಾರಿಯಲ್ಲಿ ಆ ಹುಡುಗನೂ ಇಲ್ಲ. ಖರ್ಚು ಉಳಿಸೋಕೆ ಡ್ರೈವರ್ ಒಬ್ಬನನ್ನೇ ಕಳಿಸುತ್ತಾರೆ.

ಕಾನೂನು ಇರಲಿಲ್ಲವೇ? ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂದಿತು. ದೂರದ ದಾರಿಗೆ ಅನುಮತಿ ಪಡೆದರೂ ದಿನಕ್ಕೆ 10 ಗಂಟೆ ಮೀರಬಾರದು ಅಂದಿತು. ಆದರೆ ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗೆ ಮಾತ್ರ ಅದು ಅನ್ವಯ. ಒಂದು ಲಾರಿ, ಎರಡು ಲಾರಿಯ ಮಾಲೀಕರ ಹತ್ತಿರ ದುಡಿಯುವವನು ಕಾಯ್ದೆಯ ಹೊರಗೇ ಉಳಿದ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಪಡೆಯುವವನಿಗೆ ನಿದ್ದೆ ಅಂದರೆ ನಷ್ಟ. 2020ರಲ್ಲಿ ಈ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು.

ಶಿಕ್ಷೆಯ ಕಾನೂನು ಮಾತ್ರ ಯಾವ ಡ್ರೈವರನ್ನೂ ಹೊರಗೆ ಬಿಡಲಿಲ್ಲ. ಹಳೇ ದಂಡಸಂಹಿತೆಯ 304ಎ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲಿತ್ತು. 2023ರ ಹೊಸ ಸಂಹಿತೆ, ಅಪಘಾತ ಮಾಡಿ ತಿಳಿಸದೆ ಓಡಿಹೋದರೆ ಹತ್ತು ವರ್ಷ ಅಂದಿತು. ಸತ್ತವರ ಮನೆಯ ದುಃಖ ನಮಗೂ ದುಃಖವೇ. ಆದರೆ ನಿಂತರೆ ಜನ ಬಡಿದು ಕೊಲ್ತಾರೆ, ಓಡಿದರೆ ಹತ್ತು ವರ್ಷ ಅನ್ನೋ ಸ್ಥಿತಿಯಲ್ಲಿ ಡ್ರೈವರ್ ಏನು ಮಾಡಬೇಕು? 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವು ಕಡೆ ಲಾರಿಗಳು ನಿಂತವು. ಪೆಟ್ರೋಲ್ ಬಂಕಿನ ಮುಂದೆ ಸಾಲು ಬೆಳೆದಾಗಲೇ ಪೇಟೆಯವರಿಗೆ ಡ್ರೈವರ್ ಅನ್ನೋ ಮನುಷ್ಯ ಕಂಡದ್ದು. ಸರ್ಕಾರ ಮಾತುಕತೆಗೆ ಬಂತು. ಆ ಜುಲೈನಲ್ಲಿ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಿತು.

ಅದೇ ಜುಲೈನ ಇನ್ನೊಂದು ಸಂಗತಿ. ಇದು ಶಿರಾಡಿಯದಲ್ಲ, ಉತ್ತರ ಕನ್ನಡದ್ದು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 16ನೇ ತಾರೀಕು, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿಯ ಕುಟುಂಬ ಸತ್ತಿತು. ಅಲ್ಲಿ ಗಾಡಿ ನಿಲ್ಲಿಸಿದ್ದ ಡ್ರೈವರುಗಳು ಸತ್ತರು. ಮರದ ದಿಮ್ಮಿ ಹೇರಿದ್ದ ಕೇರಳದ ಲಾರಿಯೊಂದು, ಅದರೊಳಗಿದ್ದ ಡ್ರೈವರನ ಸಮೇತ, ಗಂಗಾವಳಿ ಹೊಳೆಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅವನು ವೇಗವಾಗಿ ಓಡಿಸಿರಲಿಲ್ಲ. ಗಾಡಿ ನಿಲ್ಲಿಸಿದ್ದ. ಹೇಳಿ, ಇಲ್ಲಿ ಅಜಾಗರೂಕತೆ ಯಾರದು?

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಮಾತು. ನಿಮ್ಮೂರಿನ ಲಾರಿ ಡ್ರೈವರನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಕೇಳಿ. ಎಷ್ಟು ಗಂಟೆ ಓಡಿಸಿದ, ಎಷ್ಟು ಟನ್ನು ಹೇರಿದ್ದರು, ಬ್ರೇಕ್ ರಿಪೇರಿ ಅಂದಾಗ ಮಾಲೀಕ ಏನಂದ, ಕ್ಲೀನರ್ ಇದ್ದನೋ ಇಲ್ಲವೋ. ತಾರೀಕು ಹಾಕಿ ಬರೆದಿಡಿ. ಮುಂದಿನ ಸಲ ಪತ್ರಿಕೆಯಲ್ಲಿ ಅಜಾಗರೂಕತೆ ಅನ್ನೋ ಪದ ಬಂದಾಗ ಅದರ ಎದುರಿಗೆ ಇಡೋದಕ್ಕೆ ನಮ್ಮ ಕೈಯಲ್ಲೂ ಒಂದು ಕಾಗದ ಇರಬೇಕು.